ಸಾವಿರಕ್ಕೆ ಒಂದು ಪಾಲು ಕೆಸರು

ಜ್ಯೋತಿಷಿಗಳು ನಕ್ಷತ್ರ ಕೇಳುತ್ತಾರೆ, ಡಾಕ್ಟರು ಹಸಿವು ನಿದ್ದೆ ವಿಚಾರಿಸುತ್ತಾರೆ. ಫೋರ್‌ವೀಲ್ ಗಾಡಿಗೆ ಟಯರ್ ಬೇಕು ಎಂದು ಬಂದವನನ್ನು ಬೆಂಗಳೂರಿನ ಟಯರ್ ಅಂಗಡಿಯವರು ಕೇಳುವುದು ಇಷ್ಟೇ: "ಆನ್‌ರೋಡ್ ಎಷ್ಟು ಪರ್ಸೆಂಟು ಸಾರ್, ಆಫ್‌ರೋಡ್ ಎಷ್ಟು?"

ಸುಳ್ಳು ಹೇಳಲು ಇಷ್ಟು ಆಸೆ ಹುಟ್ಟಿಸುವ ಪ್ರಶ್ನೆಯನ್ನು ನನಗೆ ಬೇರೆ ಯಾರೂ ಕೇಳಿಲ್ಲ. ಪಕ್ಕದಲ್ಲಿ ನಿಂತಿದ್ದ ಗಡ್ಡದ ಹುಡುಗನೊಬ್ಬ, ಒಂದು ಹನಿ ಕೆಸರು ಕಾಣದ ಹೊಸ ಗಾಡಿಯ ಬಾನೆಟ್ಟಿಗೆ ಒರಗಿಕೊಂಡು, "ಸಿಕ್ಸ್ಟಿ ಪರ್ಸೆಂಟ್ ಆಫ್‌ರೋಡ್" ಎಂದು ನಿಶ್ಚಿಂತೆಯಿಂದ ಹೇಳಿದ. ಅವನ ಉಳಿದ ನಲವತ್ತರಲ್ಲಿ ಆಫೀಸು, ಅಪಾರ್ಟ್‌ಮೆಂಟು, ಮಾಲು ಎಲ್ಲವೂ ಹೇಗೆ ಹಿಡಿಸುತ್ತವೋ. ನನ್ನ ಹೆಂಡತಿ ಪಕ್ಕದಲ್ಲೇ ಇದ್ದದ್ದರಿಂದ ನನಗೆ ಆ ಸ್ವಾತಂತ್ರ್ಯ ಇರಲಿಲ್ಲ. "ಲೆಕ್ಕ ಹಾಕಿ ಹೇಳ್ತೀನಿ" ಎಂದೆ. ಅಂಗಡಿಯವನು ಲೆಕ್ಕ ಹಾಕಿದ ಗಿರಾಕಿಯನ್ನು ಅಲ್ಲಿಯತನಕ ಕಂಡಿರಲಿಲ್ಲವೆಂದು ತೋರುತ್ತದೆ. ಕುರ್ಚಿ ಕೊಟ್ಟ.

ಈ ಪರ್ಸೆಂಟಿನ ಹಿಂದೆ ಒಂದು ಜಾತಿಪದ್ಧತಿಯೇ ಇದೆ. ಹೈವೇ ಟೆರೇನ್ ಅಂದರೆ ಎಚ್‌ಟಿ: ನಯವಾದ ಮೈ, ಸಣ್ಣ ಗೆರೆ, ಸದ್ದಿಲ್ಲದ ಓಟ, ಡಾಂಬರಿನ ಮೇಲೆ ಬಲು ಮರ್ಯಾದಸ್ಥ. ಮಡ್ ಟೆರೇನ್ ಅಂದರೆ ಎಂಟಿ: ಅಂಗೈಯಷ್ಟಗಲದ ರಬ್ಬರ್ ಗಟ್ಟಿಗಳು, ನಡುವೆ ಬೆರಳು ತೂರುವಷ್ಟು ಕಾಲುವೆ, ಹೈವೇಯಲ್ಲಿ ಹೊರಟರೆ ಕಿವಿಯ ಪಕ್ಕದಲ್ಲೇ ಹಿಟ್ಟಿನ ಗಿರಣಿ. ಇವೆರಡರ ನಡುವೆ ನಿಂತು ಎರಡೂ ಕಡೆ ನಂಟಸ್ತಿಕೆ ಇಟ್ಟುಕೊಂಡಿರುವುದು ಆಲ್ ಟೆರೇನ್, ಎಟಿ. ಅರ್ಧ ರಸ್ತೆ, ಅರ್ಧ ಮಣ್ಣು ಎಂಬವರಿಗೆ ಅದು. ಊರಲ್ಲಿ ಇಷ್ಟೆಲ್ಲ ವಿಂಗಡಣೆ ಇರಲಿಲ್ಲ. ಬಟನ್ ಟಯರು, ಸಾದಾ ಟಯರು, ಸವೆದ ಟಯರು, ಅಷ್ಟೇ. ಮೂರನೆಯದೇ ಹೆಚ್ಚು ಚಲಾವಣೆಯಲ್ಲಿತ್ತು.

ನನ್ನ ಲೆಕ್ಕ ಹೀಗೆ ನಡೆಯಿತು. ಬೆಂಗಳೂರಿನಿಂದ ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ನೀರುದೋಸೆ, ಅಲ್ಲಿಂದ ಕಳಸ, ಕಳಸದಿಂದಾಚೆ ನಮ್ಮ ಮನೆ. ಸುಮಾರು ಮುನ್ನೂರಿಪ್ಪತ್ತು ಕಿಲೋಮೀಟರು. ನಾನು ಹುಡುಗನಾಗಿದ್ದಾಗ ಅದರ ಕೊನೆಯ ಮೂರು ಕಿಲೋಮೀಟರು ಅಪ್ಪಟ ಮಣ್ಣುದಾರಿ. ಈಗ ಅಲ್ಲಿಗೂ ಕಾಂಕ್ರೀಟು ಬಂದಿದೆ. ಒಂದೊಂದು ಚುನಾವಣೆಗೂ ಒಂದೊಂದು ತುಂಡು, ಒಂದೊಂದು ತುಂಡಿಗೂ ಒಂದೊಂದು ಬೋರ್ಡು. ಉಳಿದಿರುವುದು ಕಾಂಕ್ರೀಟ್ ಮುಗಿದಲ್ಲಿಂದ ನಮ್ಮ ಅಂಗಳದವರೆಗಿನ ಮುನ್ನೂರು ಮೀಟರು ಮಾತ್ರ. ಹೋಗಿ ಬರುವ ಆರುನೂರ ನಲವತ್ತು ಕಿಲೋಮೀಟರಿನಲ್ಲಿ ಆರುನೂರು ಮೀಟರು ಮಣ್ಣು. ಸಾವಿರಕ್ಕೆ ಒಂದು ಪಾಲಿಗಿಂತ ಕೂದಲೆಳೆಯಷ್ಟು ಕಡಿಮೆ. "ಪಾಯಿಂಟ್ ಒಂದು ಪರ್ಸೆಂಟು" ಎಂದು ಹೆಂಡತಿ ಫೋನಿನಲ್ಲಿ ಒತ್ತಿ ತೋರಿಸಿದಳು.

"ಬೆಂಗಳೂರಿನ ರಸ್ತೆಗಳನ್ನ ಯಾವ ಖಾತೆಗೆ ಹಾಕ್ಲಿ?" ಎಂದು ಅಂಗಡಿಯವನನ್ನು ಕೇಳಿದೆ. ಅವನು ಯೋಚಿಸಿ, "ಅದನ್ನೂ ಸೇರಿಸಿದ್ರೆ ನೀವು ಎಂಟಿನೇ ಹಾಕಿಸ್ಬೇಕಾಗುತ್ತೆ ಸಾರ್" ಎಂದ. ವ್ಯಾಪಾರ ಬಲ್ಲವನು.

ಆ ಮೂರು ಕಿಲೋಮೀಟರಿನ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಆರಿದ್ರಾ ಮಳೆ ಹಿಡಿದುಕೊಂಡಿತೆಂದರೆ ಆ ದಾರಿ ದಾರಿಯಾಗಿ ಉಳಿಯುತ್ತಿರಲಿಲ್ಲ. ಮೇಲೆ ಕೆಂಪು ಜೇಡಿ, ಅಡಿಯಲ್ಲಿ ಗಟ್ಟಿ ನೆಲ, ನಡುವೆ ನೀರು. ಎರಡು ಕಡೆ ಚಕ್ರ ಕೊರೆದ ಕೊರಕಲು, ನಡುವಿನ ದಿಬ್ಬದ ಮೇಲೆ ಹುಲ್ಲು. ಚಿಕ್ಕಪ್ಪನ ಹತ್ತಿರ ಒಂದು ಮಿಲಿಟರಿ ಡಿಸ್ಪೋಸಲ್ ಜೀಪಿತ್ತು. ಅದರ ಚಕ್ರ ಆರು-ಹದಿನಾರು, ಎಂದರೆ ಆರಿಂಚು ಅಗಲ, ಹದಿನಾರಿಂಚಿನ ರಿಮ್ಮು. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿಗೆ ಹಾಕುತ್ತಿದ್ದದ್ದೂ ಅದೇ ಅಳತೆಯ ಟಯರು. ಈಗಿನ ಅಗಲದ ಟಯರುಗಳ ಮುಂದೆ ಅದು ಸೊರಗಿದವನ ಕಾಲಿನ ಹಾಗೆ ಕಾಣುತ್ತದೆ. ಆದರೆ ಮಲೆನಾಡಿನ ಕೆಸರಿಗೆ ಆ ಸೊರಗೇ ಅನುಕೂಲ. ಅಗಲದ ಟಯರು ಮೆತ್ತಗಿನ ಕೆಸರಿನ ಮೇಲೆ ತೇಲಿಕೊಂಡು ಇಳಿಜಾರಿಗೆ ಜಾರುತ್ತದೆ, ಕಿರಿದಾದದ್ದು ಕೆಸರು ಸೀಳಿಕೊಂಡು ಅಡಿಯ ಗಟ್ಟಿ ನೆಲ ಮುಟ್ಟುತ್ತದೆ. ಮರಳಿನಲ್ಲಿ ಇದು ತಲೆಕೆಳಗು, ಅಲ್ಲಿ ಅಗಲದ್ದೇ ಗೆಲ್ಲುವುದು. ಕಳಸದಲ್ಲಿ ಮರುಭೂಮಿ ಇಲ್ಲದ್ದರಿಂದ ಆ ಚರ್ಚೆ ನಮ್ಮಲ್ಲಿ ಬೆಳೆಯಲಿಲ್ಲ.

ಯುದ್ಧಕಾಲದ ಆ ಟಯರಿನ ಅಚ್ಚಿಗೆ ದಿಕ್ಕಿಲ್ಲ. ಮುಂದಕ್ಕೆ ಹೋದರೂ ಹಿಂದಕ್ಕೆ ಬಂದರೂ ನೆಲದ ಮೇಲೆ ಬೀಳುವ ಗುರುತು ಒಂದೇ. ಶತ್ರುಗಳಿಗೆ ಗಾಡಿ ಯಾವ ಕಡೆ ಹೋಯಿತೆಂದು ತಿಳಿಯಬಾರದೆಂದೇ ಹಾಗೆ ಮಾಡಿದರು ಎಂದು ಹೇಳುವವರಿದ್ದಾರೆ. ಎರಡೂ ಕಡೆಗೆ ಸಮನಾಗಿ ಎಳೆಯಲಿ ಎಂಬುದೇ ನಿಜವಾದ ಕಾರಣ ಇರಬೇಕು ಎಂದು ನನ್ನ ಅಂದಾಜು. ಶತ್ರುಗಳ ಕಥೆ ಏನೇ ಇರಲಿ, ನಮ್ಮ ಅಜ್ಜಿಗೆ ಮಾತ್ರ ಇದರಿಂದ ಬಹಳ ತೊಂದರೆಯಾಗಿತ್ತು. "ಜೀಪು ಪ್ಯಾಟಿಗೆ ಹೋಯ್ತಾ, ಬಂತಾ ನೋಡ್ಕಂಡು ಬನ್ನಿ" ಎಂದು ಮಕ್ಕಳನ್ನು ಅಟ್ಟುತ್ತಿದ್ದಳು. ನಾವು ಹೋಗಿ, ಕೆಸರಿನ ಮೇಲೆ ಬಿದ್ದ ಅಚ್ಚನ್ನು ಬಗ್ಗಿ ಬಗ್ಗಿ ನೋಡಿ, ಕಾಲಿಗೆ ಇಂಬಳ ಹತ್ತಿಸಿಕೊಂಡು ಬಂದು, ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದೆವು. ಅಜ್ಜಿ ಯಾರನ್ನೂ ನಂಬದೆ ಎಲ್ಲರಿಗೂ ಆಗುವಷ್ಟು ಅನ್ನಕ್ಕಿಡುತ್ತಿದ್ದಳು.

ಮಳೆ ಬಲವಾದಾಗ ಹಿಂದಿನ ಚಕ್ರಗಳಿಗೆ ಚೈನು. ಕಬ್ಬಿಣದ ಸರಪಳಿಯನ್ನು ಟಯರಿನ ಸುತ್ತ ಬಿಗಿದು, ಒಳಗಿನ ಕೊಂಡಿ ಸಿಕ್ಕಿಸಲು ಯಾರಾದರೊಬ್ಬರು ಜೀಪಿನ ಅಡಿಗೆ ಹೋಗಬೇಕು. ಆ ಯಾರಾದರೊಬ್ಬರು ಯಾವಾಗಲೂ ನಾನೇ ಆಗಿರುತ್ತಿದ್ದೆ, ಸಣ್ಣಗಿದ್ದೆನಲ್ಲ. ಡಾಂಬರು ಬಂದ ಕೂಡಲೇ ಮತ್ತೆ ಬಿಚ್ಚಬೇಕು, ಇಲ್ಲದಿದ್ದರೆ ಟಯರೂ ಹಾಳು ರಸ್ತೆಯೂ ಹಾಳು. ಕೆಸರಲ್ಲಿ ಹೋಗುವಾಗ ಆ ಚೈನು ಝಣ್ ಝಣ್ ಎಂದು ಮಡ್‌ಗಾರ್ಡಿಗೆ ಬಡಿಯುವ ಸದ್ದು ಕೆಳಗಿನ ತಿರುವಿನಿಂದಲೇ ಮನೆಗೆ ಕೇಳುತ್ತಿತ್ತು. ಚಿಕ್ಕಮ್ಮ ಆ ಸದ್ದಿಗೆ ಕಾಫಿಗೆ ನೀರಿಟ್ಟರೆ, ಚಿಕ್ಕಪ್ಪ ಅಂಗಳದಲ್ಲಿ ಚೈನು ಬಿಚ್ಚಿ ಕಾಲು ತೊಳೆದು ಒಳಗೆ ಬರುವುದಕ್ಕೂ ಕಾಫಿ ಸೋಸುವುದಕ್ಕೂ ಸರಿಯಾಗುತ್ತಿತ್ತು. ಈಗ ಕಾರುಗಳು ಹೇಳದೆ ಕೇಳದೆ ಕಾಂಕ್ರೀಟಿನ ತುದಿಗೇ ಬಂದು ನಿಲ್ಲುತ್ತವೆ. ಬಂದವರು ಕಾಫಿಗೆ ಕಾಯಬೇಕಾಗುತ್ತದೆ.

ಚೈನಿಗೂ ಬಗ್ಗದ ಕೆಸರಿದ್ದರೆ ಗಾಳಿ ಇಳಿಸುವುದು. ಚಿಕ್ಕಪ್ಪ ಬೆಂಕಿಕಡ್ಡಿಯ ತುದಿಯಿಂದ ವಾಲ್ವಿನ ಪಿನ್ನು ಒತ್ತಿ ಹಿಡಿದು, ಟಯರಿನ ಹೊಟ್ಟೆ ಉಬ್ಬುವುದನ್ನು ನೋಡುತ್ತ ಕೂರುತ್ತಿದ್ದರು. ಮೂವತ್ತು ಪಾಯಿಂಟ್ ಗಾಳಿಯನ್ನು ಹದಿನೆಂಟು ಇಪ್ಪತ್ತಕ್ಕೆ ತಂದರೆ ಟಯರು ನೆಲ ಮುಟ್ಟುವ ಜಾಗ ಉದ್ದವಾಗಿ ಹಿಡಿತ ಹೆಚ್ಚುತ್ತದೆ. ಚಿಕ್ಕಪ್ಪನಿಗೆ ಮೀಟರು ಗೀಟರು ಇರಲಿಲ್ಲ. ಕಾಲಿನಿಂದ ಒಮ್ಮೆ ಒದ್ದು "ಸಾಕು" ಎನ್ನುತ್ತಿದ್ದರು. ಆಮೇಲೆ ಮತ್ತೆ ಗಾಳಿ ತುಂಬಲು ಕೈಪಂಪು ಒತ್ತುವವನು ಯಾರು ಎಂದು ಬೇರೆ ಹೇಳಬೇಕಿಲ್ಲ.

ಅಂಗಡಿಯ ಕುರ್ಚಿಯಲ್ಲಿ ಕೂತು ನನಗೆ ಇದೆಲ್ಲ ನೆನಪಾಗುತ್ತಿರುವಾಗ ಹುಡುಗನೊಬ್ಬ ಒಂದೊಂದೇ ಟಯರನ್ನು ಉರುಳಿಸಿಕೊಂಡು ಬಂದು ಮುಂದೆ ನಿಲ್ಲಿಸುತ್ತಿದ್ದ, ಹೆಣ್ಣು ತೋರಿಸುವ ಶಾಸ್ತ್ರದಂತೆ. ನಾನು ಪಕ್ಕೆಯ ಮೇಲಿನ ಬರಹ ಓದುತ್ತ ಹೋದೆ. ನನ್ನ ಹಳೆಯ ಥಾರಿನದು 235/70 ಆರ್ 16. ಅಗಲ 235 ಮಿಲಿಮೀಟರು, ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ ಎಪ್ಪತ್ತು, ಆರ್ ಅಂದರೆ ರೇಡಿಯಲ್, 16 ಇಂಚಿನ ರಿಮ್ಮು. ಪಕ್ಕದಲ್ಲಿ 106 ಎಂದಿದ್ದರೆ ಒಂದೊಂದು ಟಯರೂ 950 ಕಿಲೋ ಹೊರಬಲ್ಲದು. ಟಿ ಎಂದಿದ್ದರೆ ಗಂಟೆಗೆ 190 ಕಿಲೋಮೀಟರ್ ವೇಗಕ್ಕೂ ತಡೆದುಕೊಳ್ಳುತ್ತದೆ. ಚಾರ್ಮಾಡಿಯ ಮಂಜಿನಲ್ಲಿ ಇಪ್ಪತ್ತರಲ್ಲಿ ಹೋಗುವವನಿಗೆ ಈ ಆಶ್ವಾಸನೆ ಏಕೋ ಸಮಾಧಾನ ಕೊಡುತ್ತದೆ. ಒಂದು ಟಯರಿನ ಮೇಲೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಮುದ್ರೆ ಇತ್ತು. ಹಿಮದಲ್ಲಿ ಪರೀಕ್ಷೆ ಪಾಸಾದದ್ದಕ್ಕೆ ಸಿಗುವ ಮುದ್ರೆ ಅದು. "ಇದು ಬಹಳ ಒಳ್ಳೇದು ಸಾರ್, ಸ್ನೋಗೂ ಆಗುತ್ತೆ" ಎಂದ ಅಂಗಡಿಯವನು. ಫ್ಯಾನಿನ ಕೆಳಗೆ ಬೆವರು ಒರೆಸಿಕೊಳ್ಳುತ್ತ ನಾನು ತಲೆಯಾಡಿಸಿದೆ.

ನಾನು ಬಗ್ಗಿ ಹುಡುಕಿದ್ದು ಬೇರೆ ಅಂಕಿ. ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕಂಕಿ ಟಯರಿನ ಜಾತಕ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ಹುಟ್ಟಿದ್ದು. ರಬ್ಬರು ಗೋದಾಮಿನಲ್ಲಿ ಸುಮ್ಮನೆ ಕೂತರೂ ಮುದಿಯಾಗುತ್ತದೆ, ಬಿರುಸಾಗುತ್ತದೆ, ಹಿಡಿತ ಕಳೆದುಕೊಳ್ಳುತ್ತದೆ. ಓಡದೆಯೂ ಸವೆಯಬಹುದು ಎಂಬುದು ನಿವೃತ್ತಿಗೆ ಹತ್ತಿರವಾದವರಿಗೆ ಹೊಸ ವಿಷಯವೇನಲ್ಲ. ಆ ಸಾಲು ಪೂರ್ತಿಯಾಗಿ ಒಂದೇ ಪಕ್ಕೆಯ ಮೇಲೆ ಇರುವುದರಿಂದ, ಅಂಗಡಿಯವರು ತೋರಿಸದ ಬದಿಯನ್ನೇ ನೋಡಬೇಕು.

ಅಷ್ಟರಲ್ಲಿ ಅಂಗಡಿಯವನು ಮೆಲ್ಲಗೆ ಒಂದು ಆಸೆ ತೋರಿಸಿದ. "ಒಂದು ಸೈಜ್ ದೊಡ್ಡದು ಹಾಕಿಸಿ ಸಾರ್, 245/75. ಗಾಡಿ ಲುಕ್ಕೇ ಚೇಂಜ್ ಆಗುತ್ತೆ." ನಾನು ಚೀಟಿಯ ಹಿಂದೆ ಗುಣಿಸಿದೆ. ಚಕ್ರದ ಅಡ್ಡಳತೆ 735 ಮಿಲಿಮೀಟರಿನಿಂದ 774ಕ್ಕೆ ಏರುತ್ತದೆ, ಎಂದರೆ ನೂರಕ್ಕೆ ಐದರಷ್ಟು. ಗಾಡಿಯ ಮೀಟರಿಗೆ ಚಕ್ರ ದೊಡ್ಡದಾದದ್ದು ಗೊತ್ತಿರುವುದಿಲ್ಲ, ಅದು ಸುತ್ತು ಎಣಿಸುತ್ತದೆ ಅಷ್ಟೇ. ಎಂಬತ್ತು ಎಂದು ತೋರಿಸುವಾಗ ಗಾಡಿ ಎಂಬತ್ತನಾಲ್ಕರಲ್ಲಿ ಹೋಗುತ್ತಿರುತ್ತದೆ. ಮುನ್ನೂರಿಪ್ಪತ್ತು ಕಿಲೋಮೀಟರಿನ ದಾರಿ ಮುನ್ನೂರನಾಲ್ಕಕ್ಕೇ ಮುಗಿದುಹೋಗುತ್ತದೆ. ಟಯರ್ ದೊಡ್ಡದು ಮಾಡಿದರೆ ಊರು ಹದಿನಾರು ಕಿಲೋಮೀಟರ್ ಹತ್ತಿರ ಬರುತ್ತದೆ! ಈ ಸುಳ್ಳಿಗೆ ನಾನು ಸ್ವಲ್ಪ ಹೊತ್ತು ಮರುಳಾದೆ ಎನ್ನಬೇಕು. ಊರು ಬಿಟ್ಟವರಿಗೆ ಈ ತರಹದ ಯಂತ್ರವನ್ನು ಯಾರೂ ಕಂಡುಹಿಡಿದಿಲ್ಲ. ಆದರೆ ದೊಡ್ಡ ಚಕ್ರ ತಿರುಗಿಸಲು ಎಂಜಿನ್ನಿಗೆ ಹೆಚ್ಚು ಶ್ರಮ, ಡೀಸೆಲ್ಲಿಗೆ ಹೆಚ್ಚು ಖರ್ಚು, ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಟಯರು ಒಳಗೆ ಉಜ್ಜುವುದೂ ಉಂಟು. ಸಾಲದ್ದಕ್ಕೆ ತಯಾರಕರ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದ ಮೇಲೆ, ಇನ್ಶೂರೆನ್ಸಿನವರಿಗೂ ತಕರಾರು ತೆಗೆಯಲು ಒಂದು ನೆಪ. ಸ್ಟೆಪ್ನಿ ಹಳೆಯದೇ ಉಳಿಯುವುದರಿಂದ ಮತ್ತೊಂದು ಸಂಕಟ: ದಾರಿಯಲ್ಲಿ ಪಂಕ್ಚರಾಗಿ ಒಂದು ಚಕ್ರ ಸಣ್ಣದು ಮೂರು ದೊಡ್ಡದು ಆದರೆ, ಫೋರ್‌ವೀಲ್ ಹಾಕಿದಾಗ ಗೇರಿನ ಹಲ್ಲುಗಳು ಒಂದಕ್ಕೊಂದು ಕಚ್ಚಾಡುತ್ತವೆ. "ಸೈಜು ಅದೇ ಇರಲಿ" ಎಂದೆ. ಊರು ಇದ್ದಲ್ಲೇ ಇರಲಿ.

ಉಳಿದದ್ದು ಎಚ್‌ಟಿಯೋ ಎಟಿಯೋ ಎಂಬುದು. ವಿವೇಕ ಎಚ್‌ಟಿಯ ಪರ ಇತ್ತು, ವಿವೇಕದ ಪಕ್ಕದಲ್ಲಿ ಹೆಂಡತಿ ನಿಂತಿದ್ದಳು. ಒಂದಕ್ಕೆ ಹತ್ತು ಸಾವಿರದ ಮೇಲೆ, ನಾಲ್ಕಕ್ಕೆ ಎಷ್ಟಾಯಿತು ಎಂದು ಅವಳು ಕೇಳಲಿಲ್ಲ. ಕೇಳದಿರುವುದೇ ಹೆಚ್ಚು ಖರ್ಚಿನ ಲಕ್ಷಣ. ನಾನು ಎಟಿಯ ವಕಾಲತ್ತು ವಹಿಸಿದೆ. ಸಾದಾ ಟಯರಿನ ಸಣ್ಣ ಗೆರೆಗಳಲ್ಲಿ ಜೇಡಿ ತುಂಬಿಕೊಂಡರೆ ಮತ್ತೆ ಬಿಡುವುದಿಲ್ಲ, ಆಮೇಲೆ ರಬ್ಬರಿನ ಬದಲು ಜೇಡಿಯೇ ಜೇಡಿಯ ಮೇಲೆ ಉರುಳುತ್ತದೆ. ಎಟಿಯ ಕಾಲುವೆ ಅಗಲವಾಗಿರುವುದರಿಂದ ಚಕ್ರ ತಿರುಗಿದಂತೆ ಕೆಸರನ್ನು ಕಿತ್ತೆಸೆಯುತ್ತದೆ. ಎಂಟಿ ಇನ್ನೂ ಚೆನ್ನಾಗಿ ಎಸೆಯುತ್ತದೆ ನಿಜ, ಆದರೆ ಒದ್ದೆ ಡಾಂಬರಿನ ಮೇಲೆ ಬ್ರೇಕು ಹಾಕಿದಾಗ ನೆಲ ಹಿಡಿಯಲು ಅದಕ್ಕೆ ರಬ್ಬರೇ ಸಾಲದು. ಎಟಿಯ ಗಟ್ಟಿಗಳ ಮೇಲೆ ಬ್ಲೇಡಿನಲ್ಲಿ ಕೊಯ್ದಂತೆ ಸಣ್ಣ ಸಣ್ಣ ಸೀಳು ಇರುತ್ತವೆ, ಒದ್ದೆಯಲ್ಲಿ ಹಿಡಿತ ಕೊಡುವುದು ಅವೇ. ಅಮೆರಿಕದ ಜಾನ್ ಸೈಪ್ ಎಂಬಾತ ಕಸಾಯಿಖಾನೆಯ ಒದ್ದೆ ನೆಲದಲ್ಲಿ ಜಾರಿ ಜಾರಿ ಸಾಕಾಗಿ, ಬೂಟಿನ ಅಟ್ಟೆಗೆ ಚಾಕುವಿನಿಂದ ಗೀರು ಹಾಕಿ ನೋಡಿದನಂತೆ. 1923ರಲ್ಲಿ ಅದಕ್ಕೆ ಪೇಟೆಂಟು ಪಡೆದ. ನಮ್ಮ ಚಿಕ್ಕಮ್ಮ ಪಾಚಿ ಕಟ್ಟಿದ ಅಂಗಳಕ್ಕೆ ಮಳೆಗಾಲವಿಡೀ ಅಡಿಕೆಯ ದಬ್ಬೆ ಹಾಸಿ ಅದರ ಮೇಲೆ ಓಡಾಡುತ್ತಾಳೆ. ಪೇಟೆಂಟು ಕೇಳುವುದು ಅವಳಿಗೆ ಹೊಳೆಯಲಿಲ್ಲ.

"ಇನ್ನೊಂದು," ಎಂದೆ, "ಇದರ ರಬ್ಬರು ಘಟ್ಟದ ಕೆಳಗಿನ ಭಾವನ ತೋಟದ್ದೇ ಇರಬಹುದು." ಇದು ಪೂರ್ತಿ ವಕೀಲಿ ಮಾತೇನೂ ಅಲ್ಲ. ಬೆಳ್ತಂಗಡಿ, ಸುಳ್ಯ, ಪುತ್ತೂರಿನ ಗುಡ್ಡಗಳಲ್ಲಿ ಬೆಳಗಿನ ಜಾವ ತೊಗಟೆ ಗೀರಿ, ಗೆರಟೆಯಲ್ಲೋ ಪ್ಲಾಸ್ಟಿಕ್ ಬಟ್ಟಲಲ್ಲೋ ಹಿಡಿದ ಹಾಲು ಹೆಪ್ಪುಗಟ್ಟಿ, ಶೀಟಾಗಿ, ಹೊಗೆಗೂಡಿನಲ್ಲಿ ಕಂದಾಗಿ ಹೋಗುವುದು ಹೆಚ್ಚಾಗಿ ಟಯರಿಗೇ. ಸುಳ್ಯದ ಸರ್ಕಾರಿ ರಬ್ಬರ್ ತೋಟಗಳನ್ನು ಬೆಳೆಸಿದ್ದು, ಶಾಸ್ತ್ರಿ-ಸಿರಿಮಾವೋ ಒಪ್ಪಂದದ ಮೇಲೆ ಸಿಲೋನಿನಿಂದ ಬಂದ ತಮಿಳು ಕೂಲಿಕಾರರ ಕೈಗಳು. ಆ ಮರವೂ ನಮ್ಮದಲ್ಲ. 1876ರಲ್ಲಿ ಹೆನ್ರಿ ವಿಕ್ಯಾಮ್ ಎಂಬ ಇಂಗ್ಲಿಷಿನವ ಬ್ರೆಜಿಲಿನಿಂದ ಎಪ್ಪತ್ತು ಸಾವಿರದಷ್ಟು ಬೀಜ ಹೊತ್ತು ಲಂಡನ್ನಿನ ಕ್ಯೂ ತೋಟಕ್ಕೆ ತಂದು ಹಾಕಿದ, ಅಲ್ಲಿ ಮೊಳೆತ ಸಸಿಗಳು ಸಿಲೋನಿಗೂ ಮಲಯಕ್ಕೂ ಹೋದವು. ನಾನು ಕೂತಿದ್ದ ಅಂಗಡಿಯಲ್ಲಿ ಊರು ಬಿಡದೆ ಬಂದದ್ದು ಒಂದೂ ಇರಲಿಲ್ಲ. ಭಾವನಿಗೆ ಮಾತ್ರ ಈ ವಂಶಾವಳಿಯಲ್ಲಿ ಆಸಕ್ತಿ ಇಲ್ಲ. 2011ರಲ್ಲಿ ಕಿಲೋಗೆ ಇನ್ನೂರು ರೂಪಾಯಿ ದಾಟಿದ್ದ ರಬ್ಬರು ಮುಂದಿನ ನಾಲ್ಕೈದು ವರ್ಷದಲ್ಲಿ ಅರ್ಧಕ್ಕಿಳಿದಾಗ, ಟಯರಿನ ರೇಟು ಏಕೆ ಅರ್ಧಕ್ಕಿಳಿಯಲಿಲ್ಲ ಎಂಬುದು ಅವನ ಪ್ರಶ್ನೆ. ಹೋದಾಗೆಲ್ಲ ಕೇಳುತ್ತಾನೆ, ನಾನೇ ಇಳಿಸಬೇಕಿತ್ತು ಎಂಬಂತೆ.

ಎಟಿಯೇ ಎಂದು ತೀರ್ಮಾನವಾಯಿತು. ಟಯರು ಕೂರಿಸುವ ಹುಡುಗ ಕೈಯಲ್ಲಿ ಲಿವರ್ ಹಿಡಿದುಕೊಂಡು ಬಂದ.

"ವೈಟ್ ಲೆಟರ್ ಹೊರಗಡೆ ಬರ್ಬೇಕಾ ಸಾರ್, ಒಳಗಡೆನಾ?"

ಟಯರಿನ ಒಂದು ಪಕ್ಕೆಯಲ್ಲಿ ಹೆಸರು ಬಿಳಿ ಅಕ್ಷರದಲ್ಲಿರುತ್ತದೆ, ಇನ್ನೊಂದು ಬದಿಯಲ್ಲಿ ಕರಿ. ಯಾವುದು ಹೊರಗೆ ಕಾಣಬೇಕೆಂಬುದು ಗಿರಾಕಿಯ ಇಷ್ಟ. ನಾನು ಕಾಲೇಜಿಗೆ ಹೋಗುವ ವಯಸ್ಸಿನವನಲ್ಲ ಎಂಬ ಗಾಂಭೀರ್ಯದಿಂದ "ಒಳಗೇ ಹಾಕಪ್ಪ" ಎಂದೆ.

"ಅದ್ಯಾಕ್ರೀ ಒಳಗೆ?" ಎಂದಳು ಅಷ್ಟು ಹೊತ್ತು ಸುಮ್ಮನಿದ್ದ ಹೆಂಡತಿ. "ಇಷ್ಟು ದುಡ್ಡು ಕೊಟ್ಟು? ನೀನು ಹೊರಗೇ ಹಾಕಪ್ಪ."

ಹೊರಗೇ ಬಂತು.

ಹಾಸನದವರೆಗೆ ಗಾಡಿ ಸಣ್ಣಗೆ ಗುನುಗಿಕೊಂಡು ಹೋಯಿತು. ಎಟಿ ಟಯರಿನ ಗುನುಗು ಎಂಬತ್ತು ದಾಟಿದ ಮೇಲೆ ಶುರುವಾಗಿ, ನೂರರ ಹತ್ತಿರ ಒಂದು ಶ್ರುತಿಗೆ ನಿಲ್ಲುತ್ತದೆ. ಹೆಂಡತಿ ರೇಡಿಯೊ ಜೋರು ಮಾಡಿದಳು. ಕಳಸ ದಾಟಿ ಕಾಂಕ್ರೀಟಿನ ಮೇಲೆ ಬಂದಾಗ ಟಯರಿನ ಸಂದಿಗೆ ಸಿಕ್ಕ ಜಲ್ಲಿ ಚಟ್ ಚಟ್ ಎನ್ನುತ್ತಿತ್ತು. ಕಾಂಕ್ರೀಟು ಮುಗಿಯಿತು. ಫೋರ್‌ವೀಲ್ ಹಾಕಿದೆ. ಅಗತ್ಯ ಇತ್ತೇ ಎಂದು ಯಾರೂ ಕೇಳಬಾರದು. ಕೊರಕಲಿನಲ್ಲಿ ನಿಂತ ನೀರು ಎರಡೂ ಬದಿಗೆ ಹಾರಿತು, ಜೇಡಿಯಲ್ಲಿ ಗಾಡಿ ಒಂದಿಷ್ಟೂ ಅಲುಗಲಿಲ್ಲ, ಒಂದು ಹಾಡು ಮುಗಿಯುವಷ್ಟರಲ್ಲಿ ಅಂಗಳ ಬಂದುಬಿಟ್ಟಿತು. ಇನ್ನೊಂದು ತಿರುವಾದರೂ ಇರಬಾರದಿತ್ತೇ ಅನ್ನಿಸಿತು.

ಚಿಕ್ಕಪ್ಪ ಜಗಲಿಯಿಂದ ಇಳಿದು ಬಂದರು. ಈಗ ಅವರು ಜೀಪು ಓಡಿಸುವುದಿಲ್ಲ, ಮೊಣಕಾಲು ಕ್ಲಚ್ಚು ಒತ್ತಲು ಒಪ್ಪುವುದಿಲ್ಲ. ಮಾತಿಲ್ಲದೆ ಟಯರನ್ನು ಕಾಲಿನಿಂದ ಒಮ್ಮೆ ಒದ್ದರು. ಬಗ್ಗಿ ಸಂದಿಗೆ ಉಗುರು ಹಾಕಿ ಒಂದು ಜಲ್ಲಿಕಲ್ಲು ಎಬ್ಬಿಸಿ ತೆಗೆದರು, ಇನ್ನೊಂದು ತೆಗೆದರು.

"ಇದ್ರ ಕಲ್ಲು ಹೆಕ್ಲಿಕ್ಕೇ ಒಂದು ಆಳು ಬೇಕಲ ಮಾರಾಯ."

"ಹಿಡಿತ ಭಾರಿ ಉಂಟು ಚಿಕ್ಕಪ್ಪ. ಚೈನೇ ಬೇಡ."

"ಹಿಡಿತ ಕಾಲಲ್ಲಿ ಇರ್ಬೇಕು, ಟಯರಲ್ಲಿ ಎಂತ ಉಂಟು," ಎಂದರು. ಆದರೂ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನಾಲ್ಕನ್ನೂ ನೋಡಿದರು. ಹಿಂದಿನ ಬಾಗಿಲಿಗೆ ನೇತುಹಾಕಿದ್ದ ಹಳೆಯ ಸ್ಟೆಪ್ನಿಯನ್ನು ಸವರಿ "ಇದು ಒಳ್ಳೇದುಂಟು" ಎಂದರು. ರೇಟು ಕೇಳಿದರು. ನಾನು ಸ್ವಲ್ಪ ಇಳಿಸಿಯೇ ಹೇಳಿದೆ. ಹಾಗಿದ್ದೂ ಅವರು ಕಾಂಕ್ರೀಟಿನ ಕಡೆಗೊಮ್ಮೆ, ಟಯರಿನ ಕಡೆಗೊಮ್ಮೆ ನೋಡಿ, ಏನೋ ಅಂದಾಜು ಹಾಕಿ, ತಗ್ಗಿದ ದನಿಯಲ್ಲಿ ಹೇಳಿದರು:

"ಪಂಚಾಯ್ತಿ ಮೆಂಬರು ನಿನ್ನೆ ಬಂದಿದ್ದ. ಉಳಿದ ಮುನ್ನೂರು ಮೀಟರಿಗೂ ಈ ಸಲ ದುಡ್ಡು ಬಂದಿದ್ಯಂತೆ, ದೀಪಾವಳಿ ಒಳಗೆ ಕಾಂಕ್ರೀಟ್ ಹಾಕ್ತೇವೆ ಅಂದ. ನೀನು ಪಾಪ ಇಷ್ಟು ಖರ್ಚು ಮಾಡ್ಕಂಡು ಬಂದಿದ್ದೀಯ. ಒಂದೆರಡು ವರ್ಷ ಬಿಟ್ಟು ಮಾಡಿ ಅಂತ ಹೇಳಿದ್ರೆ ಆಗ್ತದಪ್ಪ. ನಾನು ಹೇಳಿದ್ರೆ ಅವ ಕೇಳ್ತಾನೆ."

ನಾನು ಉತ್ತರ ಹುಡುಕುತ್ತಿರುವಾಗ ಚಿಕ್ಕಮ್ಮ ಕಾಫಿಯ ತಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಅವಳ ಹೆರಿಗೆ ನೋವಿಗೆ ಜೀಪು ಹತ್ತದೆ, ಕಂಬಳಿ ಜೋಲಿಯಲ್ಲಿ ಆ ಮೂರು ಕಿಲೋಮೀಟರು ಹೊತ್ತುಕೊಂಡು ಹೋದ ಮಳೆಗಾಲದ ಕಥೆಯನ್ನು ಮನೆಯ ಗಂಡಸರು ಸಾಹಸದ ಹಾಗೆ ಹೇಳುತ್ತಿದ್ದದ್ದು ನನಗೆ ಗೊತ್ತಿತ್ತು. ಅವಳು ಹೇಳಿದ್ದನ್ನು ಮಾತ್ರ ಕೇಳಿರಲಿಲ್ಲ.

"ಎಂತ, ರಸ್ತೆ ಬೇಡ ಅಂತ ಹೇಳ್ಲಿಕ್ಕೆ ಹೊರಟಿದ್ದೀರಾ?" ಎಂದಳು. "ಆಟೋ ಅಂಗಳಕ್ಕೆ ಬರ್ಲಿ ಅಂತ ನಾನು ಹರಕೆ ಹೊತ್ಕಂಡಿದ್ದೇನೆ. ನಿಮ್ಮ ಟಯರಿಗೆ ಕೆಸರು ಬೇಕಾದ್ರೆ ಗದ್ದೆಗೆ ಇಳಿಸಿ. ಹೇಗೂ ನಟ್ಟಿಗೆ ಟಿಲ್ಲರು ಸಿಗದೆ ಕೂತಿದೆ."